ಬಿಸಿಗಾಳಿಯೋ, ಸುಳ್ಳು ಹೇಳುವ ಸೆನ್ಸರೋ? ಕಾರಿನ ಪಿಕಪ್ ಕುಸಿದಾಗ ಗಾಳಿಯ ದಾರಿ ಪರೀಕ್ಷಿಸುವ ಕ್ರಮ

ಬೆಳಿಗ್ಗೆ ಚುರುಕಾಗಿ ಓಡಿದ ಕಾರು ಮಧ್ಯಾಹ್ನದ ಬಿಸಿಲಲ್ಲಿ ಟ್ರಾಫಿಕ್‌ನಿಂದ ತೆವಳಿ ಹೊರಬಂದ ಮೇಲೆ ಮಂಕಾಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುವುದಿಲ್ಲ, ಸಣ್ಣ ಏರಿಗೂ ಗೇರ್ ಇಳಿಸಬೇಕು. ಸಂಜೆ ತಂಪಾದ ಮೇಲೆ ಮತ್ತೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಹೀಗೆ ಹೊತ್ತು ನೋಡಿಕೊಂಡು ಬಂದುಹೋಗುವ ತೊಂದರೆಯಲ್ಲಿ, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ತಾಪಮಾನದ ಮೇಲೆ ಅನುಮಾನ ಪಡುವುದು ಸರಿ. ಆದರೆ ಆ ಅನುಮಾನಕ್ಕೆ ಎರಡು ಮುಖಗಳಿವೆ. ಒಂದೋ ನಿಜವಾಗಿಯೂ ಬಿಸಿಗಾಳಿ ಒಳಹೋಗುತ್ತಿದೆ, ಇಲ್ಲವೇ ಗಾಳಿ ಸರಿಯಾಗಿಯೇ ಇದ್ದು ಅದರ ತಾಪಮಾನ ಅಳೆಯುವ ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ತಪ್ಪು ವರದಿ ಕೊಡುತ್ತಿದೆ. ಎರಡರ ಲಕ್ಷಣಗಳೂ ಒಂದಕ್ಕೊಂದು ಹೋಲುತ್ತವೆ, ರಿಪೇರಿ ಮಾತ್ರ ಬೇರೆ ಬೇರೆ. ಇದನ್ನು ಬಿಡಿಸಿಕೊಳ್ಳದೆ ಪಾರ್ಟ್ ಬದಲಾಯಿಸಲು ಹೊರಟರೆ ಜೇಬು ಖಾಲಿಯಾಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

## ಬಿಸಿಗಾಳಿ ನಿಜಕ್ಕೂ ಎಷ್ಟು ಶಕ್ತಿ ತಿನ್ನುತ್ತದೆ?

ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿ ಸುಮಾರು 1.18 ಕೆಜಿ ತೂಗುತ್ತದೆ. 60 ಡಿಗ್ರಿಯಲ್ಲಿ ಅದು ಸುಮಾರು 1.06 ಕೆಜಿ. ಸಿಲಿಂಡರಿನ ಗಾತ್ರ ಬದಲಾಗುವುದಿಲ್ಲವಲ್ಲ, ಹಾಗಾಗಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಶೇ. 10ರಷ್ಟು ಕಡಿಮೆ. ಹಾಗೆಂದು ಶಕ್ತಿಯೂ ಶೇ. 10 ಇಳಿಯುವುದಿಲ್ಲ. ಮೊದಲೇ ಬಿಸಿಯಾದ ಗಾಳಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಗೋಡೆಯಿಂದ, ವಾಲ್ವ್‌ಗಳಿಂದ ಮತ್ತೆ ಹೀರಿಕೊಳ್ಳುವ ಶಾಖ ಕಡಿಮೆ. ಎಂಜಿನ್ ಶಕ್ತಿ ಅಳೆಯುವ ಡೈನೋ ಪರೀಕ್ಷೆಯ ಫಲಿತಾಂಶಗಳನ್ನು ಒಂದೇ ಮಟ್ಟಕ್ಕೆ ತರಲು ಬಳಸುವ ಎಸ್‌ಎಇ ಜೆ1349 ಸೂತ್ರದ ಪ್ರಕಾರ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ 25ರಿಂದ 60 ಡಿಗ್ರಿಗೆ ಹೋದಾಗ ಕಳೆದುಕೊಳ್ಳುವುದು ಶೇ. 6ರ ಆಸುಪಾಸು.

ಗಾಡಿ ಅರ್ಧ ಸತ್ತಂತೆ ಆಗಿದ್ದರೆ ಬರೀ ಗಾಳಿಯ ಹಿಗ್ಗುವಿಕೆ ಅದಕ್ಕೆ ಸಾಲದು, ಜೊತೆಗೆ ಇನ್ನೇನೋ ಇದೆ ಎಂದೇ ಅರ್ಥ. ಸಾಮಾನ್ಯವಾಗಿ ಅದು ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು) ತಡೆಯಲು ಇಸಿಯು ಹಿಂದಕ್ಕೆ ತಳ್ಳಿದ ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹೊತ್ತುವ ಗಳಿಗೆ), ಟರ್ಬೊ ಗಾಡಿಯಾದರೆ ಇಳಿಸಿದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ).

ಮೈಲೇಜ್ ಬಗ್ಗೆಯೂ ಒಂದು ಮಾತು. ನಿಮ್ಮ ದೂರು ಬರೀ ಮೈಲೇಜ್ ಆಗಿದ್ದರೆ ಬಿಸಿಗಾಳಿಯ ಬೆನ್ನು ಹತ್ತಬೇಡಿ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುವಾಗ ಗಾಳಿ ತೆಳುವಾಗಿದ್ದರೆ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ತುಸು ಹೆಚ್ಚು ತೆರೆಯುತ್ತದೆ, ಗಾಳಿ ಎಳೆಯುವ ಶ್ರಮ ಅಷ್ಟರಮಟ್ಟಿಗೆ ತಗ್ಗುತ್ತದೆ. ಮೈಲೇಜ್ ಕೆಡಿಸುವುದು ಸುಳ್ಳು ಹೇಳುವ ಸೆನ್ಸರ್. ಅದರ ವಿಷಯ ಮುಂದೆ ಬರುತ್ತದೆ.

## ಬಾನೆಟ್ ಎತ್ತುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಲಿ. ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು, ಆದ್ದರಿಂದ ಬೆರಳು, ಸಡಿಲ ತೋಳು, ಬಿಟ್ಟ ಕೂದಲು ಅದರ ಹತ್ತಿರ ಹೋಗಬಾರದು. ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಎಂಜಿನ್ ಓಡಿಸಿ ನೋಡಬೇಕಾದ ಪರೀಕ್ಷೆಯನ್ನು ಬಯಲಲ್ಲೇ ಮಾಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಏರ್ ಫಿಲ್ಟರ್ ಬಿಚ್ಚಿಟ್ಟು ಎಂಜಿನ್ ಸ್ಟಾರ್ಟ್ ಮಾಡುವ ಅಭ್ಯಾಸವೂ ಬೇಡ. ಒಳಗೆ ಹೋಗುವ ಒಂದು ಸಣ್ಣ ಸ್ಕ್ರೂ ಸಾಕು, ಎಂಜಿನ್ ಇಳಿಸುವಂತಾಗುತ್ತದೆ.

ಗಾಡಿಯ ಒಬಿಡಿ ಪೋರ್ಟಿಗೆ (ದೋಷ ತಪಾಸಣೆಯ ಸಾಕೆಟ್ಟಿಗೆ) ಹಾಕಿ ಮೊಬೈಲ್‌ನಲ್ಲಿ ಓದುವ ಚಿಕ್ಕ ಸ್ಕ್ಯಾನರ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಅದರಲ್ಲಿ ಇನ್‌ಟೇಕ್ (ಎಂಜಿನ್ ಒಳಗೆಳೆಯುವ) ಗಾಳಿಯ ತಾಪಮಾನ, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ತಾಪಮಾನ, ಇಗ್ನಿಷನ್ ಟೈಮಿಂಗ್ ಈ ಮೂರೂ ಕಾಣುತ್ತವೆ. ಗಾಡಿ ರಾತ್ರಿಯಿಡೀ ನೆರಳಲ್ಲಿ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಇನ್‌ಟೇಕ್ ಗಾಳಿ, ಕೂಲೆಂಟ್, ಹೊರಗಿನ ಹವೆ ಮೂರೂ ಹೆಚ್ಚೂಕಡಿಮೆ ಒಂದೇ ಇರಬೇಕು. ನಾಲ್ಕೈದು ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎರಡು ಒಂದೇ ಇದ್ದು ಇನ್‌ಟೇಕ್ ಅಂಕಿಯೊಂದೇ ದೂರ ನಿಂತಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಕಣ್ಣಿಡಿ. ಮೂರೂ ಹೊಂದಿದರೆ ಸೆನ್ಸರ್ ಬಹುಮಟ್ಟಿಗೆ ನಿಜ ಹೇಳುತ್ತಿದೆ ಎಂದುಕೊಂಡು ಮುಂದೆ ಹೋಗಬಹುದು.

## ಲಕ್ಷಣ: ನಿಂತು ಹೊರಟಾಗ ಮಂಕು, ಸ್ವಲ್ಪ ದೂರ ಓಡಿದ ಮೇಲೆ ಸರಿ

ಗಾಡಿ ನಿಂತಾಗ ಎಂಜಿನ್, ರೇಡಿಯೇಟರ್, ಎಕ್ಸಾಸ್ಟ್ ಎಲ್ಲದರ ಶಾಖವೂ ಬಾನೆಟ್ ಕೆಳಗೆ ಸೇರಿಕೊಂಡು ಏರ್ ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬ), ಪೈಪುಗಳನ್ನು ಕಾಯಿಸುತ್ತದೆ. ಹೊರಗೆ 35 ಡಿಗ್ರಿ ಇದ್ದಾಗ ಇನ್‌ಟೇಕ್ ಅಂಕಿ 60 ದಾಟಿದರೂ ಆಶ್ಚರ್ಯವಿಲ್ಲ. ಹೊರಟು ನಾಲ್ಕೈದು ನಿಮಿಷ ಒಳ್ಳೆಯ ವೇಗದಲ್ಲಿ ಓಡಿದ ಮೇಲೆ ಅಂಕಿ ಇಳಿದು ಪಿಕಪ್ ಮರಳಿದರೆ ಇದು ದೋಷವಲ್ಲ, ಎಲ್ಲ ಗಾಡಿಗಳಿಗೂ ಇರುವ ಸ್ವಭಾವ.

ಎಸಿ ಕೂಡ ಇಲ್ಲಿ ಗೊಂದಲ ಮಾಡುತ್ತದೆ. ಅದರ ಕಂಪ್ರೆಸರ್ ನೇರವಾಗಿ ಎಂಜಿನ್ ಶಕ್ತಿ ತಿನ್ನುತ್ತದೆ, ಕಂಡೆನ್ಸರ್ ತನ್ನ ಶಾಖವನ್ನು ರೇಡಿಯೇಟರ್ ಮುಂದೆಯೇ ಚೆಲ್ಲುತ್ತದೆ. ಎಸಿ ಆಫ್ ಮಾಡಿದ ಕ್ಷಣವೇ ಗಾಡಿ ಚುರುಕಾದರೆ ಅದು ಕಂಪ್ರೆಸರ್ ಭಾರ, ಗಾಳಿಯ ಬಿಸಿ ಅಲ್ಲ. ಗಾಳಿಯ ಬಿಸಿ ಅಷ್ಟು ಬೇಗ ಇಳಿಯುವುದಿಲ್ಲ.

ಅಂಕಿ ಬಹಳ ಹೊತ್ತು ಇಳಿಯದಿದ್ದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ, ರೇಡಿಯೇಟರ್ ಪಕ್ಕದ ಫೋಮ್ ಪಟ್ಟಿ, ಬಾನೆಟ್ ಅಂಚಿನ ರಬ್ಬರ್, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಎಲ್ಲವೂ ಇವೆಯೇ ನೋಡಿ. ಆ ಫೋಮ್ ಪಟ್ಟಿ ಅಲಂಕಾರಕ್ಕಿಲ್ಲ. ಅದು ಬಿದ್ದುಹೋದರೆ ರೇಡಿಯೇಟರ್ ಹಿಂದಿನ ಬಿಸಿಗಾಳಿ ಸುತ್ತಿಕೊಂಡು ಮತ್ತೆ ಮುಂದಕ್ಕೇ ಬರುತ್ತದೆ.

## ಲಕ್ಷಣ: ಖಾಲಿ ರಸ್ತೆಯಲ್ಲಿ ಓಡುವಾಗಲೂ ಎಳೆಯುವುದಿಲ್ಲ

ನಿಜವಾದ ದೋಷಗಳು ಹೆಚ್ಚು ಸಿಗುವುದು ಇಲ್ಲೇ. ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ ಒಂದೇ ಸಮ ಹತ್ತು ನಿಮಿಷ ಓಡಿಸಿ, ಅಂಕಿ ನೋಡುವ ಕೆಲಸವನ್ನು ಪಕ್ಕದಲ್ಲಿ ಕೂತವರಿಗೆ ಬಿಡಿ. ಟರ್ಬೊ ಇಲ್ಲದ ಗಾಡಿಯಲ್ಲಿ ಸೆನ್ಸರ್ ಏರ್ ಬಾಕ್ಸ್ ಹತ್ತಿರ ಇದ್ದರೆ ಇನ್‌ಟೇಕ್ ಅಂಕಿ ಹೊರಗಿನ ಹವೆಗಿಂತ ಹತ್ತು, ಹದಿನೈದು ಡಿಗ್ರಿಯೊಳಗೇ ಇರಬೇಕು. ಮ್ಯಾನಿಫೋಲ್ಡ್ ಮೇಲಿದ್ದರೆ ಇನ್ನಷ್ಟು ಹೆಚ್ಚಿರುವುದು ಸಹಜ. ವೇಗದಲ್ಲೂ 25, 30 ಡಿಗ್ರಿ ಹೆಚ್ಚೇ ನಿಂತಿದ್ದರೆ ಎಂಜಿನ್ ಹೊರಗಿನ ಗಾಳಿ ಬಿಟ್ಟು ಬಾನೆಟ್ ಕೆಳಗಿನ ಗಾಳಿ ಕುಡಿಯುತ್ತಿದೆ.

ಹಾಗಿದ್ದರೆ ಗಾಳಿಯ ದಾರಿಯನ್ನು ಅದರ ಮೂತಿಯಿಂದ ಶುರುಮಾಡಿ ಬೆರಳಿಟ್ಟುಕೊಂಡೇ ಹಿಂಬಾಲಿಸಿ. ಗ್ರಿಲ್ ಹಿಂದೆ ಅಥವಾ ಫೆಂಡರ್ ಒಳಗೆ ಬಾಯಿ ತೆರೆದ ಪ್ಲಾಸ್ಟಿಕ್ ಕೊಳವೆಯೊಂದು ಏರ್ ಬಾಕ್ಸಿಗೆ ಸೇರುತ್ತದೆ. ಬಂಪರ್ ಕೆಲಸ ಮಾಡಿಸಿದ ಗಾಡಿಗಳಲ್ಲಿ, ಸರ್ವಿಸ್ ಆಗಿ ಬಂದ ಗಾಡಿಗಳಲ್ಲಿ ಈ ಕೊಳವೆ ಒಂದು ಬೆರಳಗಲ ಜಾರಿ ಕೂತಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಮೇಲಿಂದ ಬಗ್ಗಿ ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ಕೈ ಕೆಳಗಿಳಿಸಿ ಜೋಡಣೆಯ ಸುತ್ತ ಸವರಿದಾಗ ಸಂದು ಬೆರಳಿಗೆ ಸಿಗುತ್ತದೆ. ಆಮೇಲೆ ಏರ್ ಬಾಕ್ಸಿನ ಕ್ಲಿಪ್‌ಗಳು, ಫಿಲ್ಟರ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ, ಥ್ರಾಟಲ್ ಕಡೆಯ ರಬ್ಬರ್ ಹೋಸ್ ಹೇಗಿದೆ ನೋಡಿ. ಈ ಹೋಸಿನ ಸುಕ್ಕುಗಳ ಒಳಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಸುಮ್ಮನಿದ್ದಾಗ ಕಾಣುವುದಿಲ್ಲ, ಎರಡೂ ಕೈಯಿಂದ ಹಿಡಿದು ಬಗ್ಗಿಸಿದರೆ ಬಾಯಿ ಬಿಡುತ್ತದೆ. ಒಳಬರುವ ಗಾಳಿಯ ತೂಕ ಅಳೆಯುವ ಮಾಫ್ ಸೆನ್ಸರ್ ದಾಟಿದ ಮೇಲೆ ಬಿರುಕಿದ್ದರೆ ಬಿಸಿಗಾಳಿಯ ಜೊತೆ ಲೆಕ್ಕಕ್ಕೆ ಸಿಗದ ಗಾಳಿಯೂ ಒಳನುಗ್ಗಿ ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಏರಿಳಿಯುತ್ತದೆ.

ಫಿಲ್ಟರ್ ಕಟ್ಟಿಕೊಂಡಿದ್ದರೆ ಬದಲಾಯಿಸಿ, ಆದರೆ ಅದರಿಂದ ತಾಪಮಾನ ಇಳಿಯುತ್ತದೆಂದು ಕಾಯಬೇಡಿ. ಅದು ಗಾಳಿಯ ಪ್ರಮಾಣಕ್ಕೆ ಸಂಬಂಧಪಟ್ಟದ್ದು.

ಮೂಲ ಏರ್ ಬಾಕ್ಸ್ ಕಿತ್ತು ತೆರೆದ ಶಂಕುವಿನಾಕಾರದ ಫಿಲ್ಟರ್ ಹಾಕಿಸಿದ್ದೀರಾ? ಮಿಕ್ಕದ್ದನ್ನು ನೋಡುವ ಮೊದಲು ಹಳೆಯ ಬಾಕ್ಸ್ ವಾಪಸ್ ಹಾಕಿ. ಆ ಫಿಲ್ಟರ್ ಎಂಜಿನ್ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತದೆ. ಸದ್ದು ಜೋರಾಗುವುದರಿಂದ ಶಕ್ತಿ ಹೆಚ್ಚಿದಂತೆ ಅನಿಸುತ್ತದೆ, ಅಷ್ಟೇ. ತಣ್ಣನೆ ಗಾಳಿಗಾಗಿ ಫಿಲ್ಟರನ್ನು ಬಂಪರ್ ತಳಕ್ಕೆ ಇಳಿಸುವ ಕಿಟ್‌ಗಳು ಶಕ್ತಿಯ ಲೆಕ್ಕದಲ್ಲಿ ಇದಕ್ಕಿಂತ ವಾಸಿ. ಆದರೆ ನೀರು ನಿಂತ ರಸ್ತೆಗೆ ಇಳಿದರೆ ನೀರನ್ನೇ ಎಳೆದು ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಳ್ಳುತ್ತವೆ.

ಪೈಪಿಗೆ ಬೆಳ್ಳಿ ಬಣ್ಣದ ಶಾಖನಿರೋಧಕ ಪಟ್ಟಿ ಸುತ್ತಿದರೆ ಹೇಗೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 2 ಲೀಟರ್ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ 3000 ಆರ್‌ಪಿಎಂ ತಿರುಗುವಾಗ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಎಳೆಯುತ್ತದೆ. ಬಾಕ್ಸ್, ಪೈಪ್ ಸೇರಿ 10 ಲೀಟರ್ ಎಂದಿಟ್ಟುಕೊಂಡರೂ ಗಾಳಿ ಅಲ್ಲಿರುವುದು ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಬಿಸಿ ಗೋಡೆ ಅದನ್ನು ಹೆಚ್ಚೇನೂ ಕಾಯಿಸಲಾರದು. ಪಟ್ಟಿಯಿಂದ ಏನಾದರೂ ಉಪಯೋಗವಿದ್ದರೆ ಅದು ಐಡಲ್‌ನಲ್ಲಿ, ತೆವಳುವ ಟ್ರಾಫಿಕ್‌ನಲ್ಲಿ. ಶಕ್ತಿ ಬೇಕಾದ ಹೊತ್ತಿನಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯನ್ನು ಎಲ್ಲಿಂದ ಎಳೆಯುತ್ತಿದೆ ಎಂಬುದೇ.

## ಲಕ್ಷಣ: ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಣಟಣ ಸದ್ದು

ತಗಡಿನ ಡಬ್ಬದಲ್ಲಿ ಕಲ್ಲುಹರಳು ಕುಲುಕಿದಂಥ ಈ ಸದ್ದು ನಾಕಿಂಗ್. ಗಾಳಿ ಬಿಸಿಯಿದ್ದಷ್ಟೂ ಸಿಲಿಂಡರ್ ಒಳಗಿನ ಮಿಶ್ರಣ ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುವ ಸಂಭವ ಹೆಚ್ಚು. ನಾಕ್ ಸೆನ್ಸರ್ ಇದನ್ನು ಕೇಳಿಸಿಕೊಂಡು ತಿಳಿಸಿದಾಗ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಎಂಜಿನ್ ಉಳಿಯುತ್ತದೆ, ಪಿಕಪ್ ಹೋಗುತ್ತದೆ. ಬಿಸಿ ದಿನದಲ್ಲಿ ಶೇ. 6ಕ್ಕಿಂತ ಹೆಚ್ಚು ಶಕ್ತಿ ಕಳೆದಂತೆ ಅನಿಸುವುದು ಹೆಚ್ಚಾಗಿ ಇದರಿಂದಲೇ.

ಮೊದಲು ಕೈಪಿಡಿಯಲ್ಲಿ ಹೇಳಿದ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಇರುವ ಪೆಟ್ರೋಲ್ ಹಾಕುತ್ತಿದ್ದೀರಾ ನೋಡಿಕೊಳ್ಳಿ. ಒಂದು ಟ್ಯಾಂಕ್ ಹೆಚ್ಚಿನ ಆಕ್ಟೇನ್ ಹಾಕಿ ಓಡಿಸಿದಾಗ ಸದ್ದು ನಿಂತು ಪಿಕಪ್ ಬಂದರೆ ಕಾರಣ ನಾಕಿಂಗೇ ಎಂದು ಖಚಿತ, ಆದರೆ ಮೂಲ ಇನ್ನೂ ಸಿಕ್ಕಿಲ್ಲ. ಮೂಲ ಗಾಳಿಯ ದಾರಿಯಲ್ಲಿರಬಹುದು, ಕೂಲಿಂಗ್‌ನಲ್ಲಿರಬಹುದು, ಸಿಲಿಂಡರಿನಲ್ಲಿ ಕಟ್ಟಿದ ಕಾರ್ಬನ್ನಿನಲ್ಲೂ ಇರಬಹುದು.

ಸದ್ದು ಸಣ್ಣಗೆ ಒಂದೆರಡು ಕ್ಷಣ ಬಂದು ನಿಂತರೆ ಗಾಬರಿ ಬೇಡ. ಜೋರಾಗಿ ಬಿಡದೆ ಬರುತ್ತಿದ್ದರೆ ಆಕ್ಸಿಲರೇಟರ್ ಸಡಿಲಿಸಿ, ಗೇರ್ ಇಳಿಸಿ, ಭಾರ ಹಾಕದೆ ಗ್ಯಾರೇಜ್ ತಲುಪಿ. ಹಾಗೇ ತುಳಿದುಕೊಂಡು ಹೋದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿಯುತ್ತದೆ.

## ಲಕ್ಷಣ: ಬೆಳಗಿನ ಸ್ಟಾರ್ಟಿಂಗ್ ಟ್ರಬಲ್, ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಚೆಕ್ ಎಂಜಿನ್ ಲೈಟ್

ಇಲ್ಲಿ ಅನುಮಾನ ಒಳಹೋಗುವ ಗಾಳಿಯ ತಾಪಮಾನ ಅಳೆಯುವ ಐಎಟಿ ಸೆನ್ಸರ್ ಮೇಲೆ. ಇದೊಂದು ಥರ್ಮಿಸ್ಟರ್. ಬಿಸಿಯಾದಷ್ಟೂ ಇದರ ರೋಧ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಕೆಲವು ಗಾಡಿಗಳಲ್ಲಿ ಏರ್ ಪೈಪಿನಲ್ಲಿ ಬಿಡಿಯಾಗಿ ಎರಡು ವೈರಿನೊಂದಿಗೆ ಕೂತಿರುತ್ತದೆ. ಕೆಲವದರಲ್ಲಿ ಮಾಫ್ ಸೆನ್ಸರ್ ಒಳಗೆ, ಮತ್ತೆ ಕೆಲವದರಲ್ಲಿ ಮ್ಯಾನಿಫೋಲ್ಡ್ ಮೇಲೆ, ಅದರ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಜೊತೆ.

ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತಿದ್ದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ: ಕನೆಕ್ಟರ್ ಕಳಚಿದೆ, ವೈರ್ ಕಡಿದಿದೆ, ಇಲ್ಲವೇ ಸೆನ್ಸರ್ ಸತ್ತಿದೆ. ಇದಕ್ಕೆ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಪಿ0113. ಹವೆ ಭಾರೀ ತಣ್ಣಗಿದೆ, ದಟ್ಟವಾಗಿದೆ ಎಂದು ನಂಬಿದ ಇಸಿಯು ಹೆಚ್ಚು ಇಂಧನ ಸುರಿಯುತ್ತದೆ. ಮ್ಯಾಪ್ ಸೆನ್ಸರ್ ನಂಬಿ ಗಾಳಿಯ ಲೆಕ್ಕ ಹಾಕುವ ಎಂಜಿನ್‌ಗಳಲ್ಲಿ ಇದರ ಕಾಟ ಜಾಸ್ತಿ. ಮಾಫ್ ಇರುವಲ್ಲಿ ಗಾಳಿಯ ತೂಕ ನೇರವಾಗಿ ಸಿಗುವುದರಿಂದ ಕಡಿಮೆ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಜನ್ ಸೆನ್ಸರ್ ತಪ್ಪನ್ನು ತಿದ್ದತೊಡಗುತ್ತದೆ, ಆದ್ದರಿಂದಲೇ ತೊಂದರೆ ಬೆಳಿಗ್ಗೆ ಹೆಚ್ಚು.

ತಣ್ಣನೆ ಗಾಡಿಯಲ್ಲೂ ಅಂಕಿ 100 ಡಿಗ್ರಿ ಮೇಲೆ ಹತ್ತಿ ಕೂತಿದ್ದರೆ ಅದು ಶಾರ್ಟ್, ಕೋಡ್ ಪಿ0112. ಇದರಲ್ಲಿ ಹೊಗೆ ಬರುವುದಿಲ್ಲ, ಟೈಮಿಂಗ್ ಹಿಂದಾಗಿ ಗಾಡಿ ಮಂಕಾಗುತ್ತದೆ. ಪಿ0111 ಬಂದರೆ ಸೆನ್ಸರ್ ಬದುಕಿದೆ, ಆದರೆ ಅದರ ಲೆಕ್ಕ ಇಸಿಯುಗೆ ಒಪ್ಪಿಗೆಯಾಗಿಲ್ಲ. ತುದಿಗೆ ಎಣ್ಣೆ, ಮಸಿ ಮೆತ್ತಿಕೊಂಡು ನಿಧಾನವಾಗಿರುವುದು ಇದಕ್ಕೊಂದು ಕಾರಣ. ಕೋಡ್ ಬಿದ್ದ ಮೇಲೆ ಕೆಲವು ಇಸಿಯುಗಳು ಸೆನ್ಸರನ್ನು ಪಕ್ಕಕ್ಕಿಟ್ಟು ತಮ್ಮದೇ ಅಂದಾಜು ಅಂಕಿ ತೋರಿಸುತ್ತವೆ ಎಂಬುದೂ ನೆನಪಿರಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಡಿಗ್ರಿಯೂ ಅಲುಗದ ಅಂಕಿಯನ್ನು ನಂಬಬೇಡಿ.

ಪರೀಕ್ಷೆ ಹೀಗೆ:

1. ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಪಿನ್‌ಗಳಲ್ಲಿ ಹಸಿರು ಕಿಲುಬು, ಒಳಗೆ ಬಗ್ಗಿದ ಪಿನ್, ಇಲಿ ಕಡಿದ ವೈರ್ ಇದೆಯೇ ನೋಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

2. ಬಿಡಿ ಸೆನ್ಸರ್ ಆಗಿದ್ದರೆ ಬಿಚ್ಚಿ, ಮಲ್ಟಿಮೀಟರನ್ನು 20 ಕಿಲೋಓಮ್ ರೇಂಜ್‌ನಲ್ಲಿಟ್ಟು ಎರಡು ಪಿನ್‌ಗೆ ತಾಗಿಸಿ. 25 ಡಿಗ್ರಿಯಲ್ಲಿ ಅನೇಕ ಸೆನ್ಸರ್‌ಗಳು 2ರಿಂದ 3 ಕಿಲೋಓಮ್ ತೋರಿಸುತ್ತವೆ. ನಿಮ್ಮ ಗಾಡಿಯ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಈಗ ಹೇರ್ ಡ್ರೈಯರ್ ಹಿಡಿಯಿರಿ. 2.4, 1.8, 1.1 ಎಂದು ಅಂಕಿ ಒಂದೇ ಸಮ ಜಾರುತ್ತಾ ಹೋಗಬೇಕು. ಡ್ರೈಯರ್ ತೆಗೆದರೆ ಅದೇ ದಾರಿಯಲ್ಲಿ ನಿಧಾನವಾಗಿ ಹತ್ತಬೇಕು. ನಡುವೆ ಎಗರಿದರೆ, ಒಂದೇ ಕಡೆ ನಿಂತರೆ, ಸೆನ್ಸರ್ ಬದಲಾಯಿಸಿ. ಲೈಟರ್ ಬೆಂಕಿ ತಾಗಿಸಬೇಡಿ, ಒಳ್ಳೆಯ ಸೆನ್ಸರೂ ಕೆಡುತ್ತದೆ.

3. ಸೆನ್ಸರ್ ಸರಿಯಿದ್ದರೆ ಕೀ ಆನ್ ಮಾಡಿ ವೈರಿಂಗ್ ಕಡೆಯ ಕನೆಕ್ಟರಿನಲ್ಲಿ ವೋಲ್ಟ್ ಅಳೆಯಿರಿ. ಎರಡು ವೈರಿನ ನಡುವೆ 5 ವೋಲ್ಟ್ ಹತ್ತಿರ ಬರಬೇಕು. ಬಾರದಿದ್ದರೆ ದೋಷ ವೈರಿಂಗ್‌ನಲ್ಲಿ ಅಥವಾ ಇಸಿಯುನಲ್ಲಿದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಮಾಫ್ ಒಳಗಿನ ಸೆನ್ಸರ್ ಆದರೆ ಯಾವ ಪಿನ್ ಯಾವುದು ಎಂದು ನಕ್ಷೆ ಇಲ್ಲದೆ ತಡಕಾಡಬೇಡಿ. ಅದರ ಬಿಸಿತಂತಿಯನ್ನು ಬಟ್ಟೆ, ಹತ್ತಿಕಡ್ಡಿಯಿಂದ ಒರೆಸುವುದೂ ಬೇಡ. ಮಾಫ್ ಕ್ಲೀನರ್ ಎಂದೇ ಸಿಗುವ ಸ್ಪ್ರೇ ಹೊಡೆದು, ತಾನಾಗಿ ಒಣಗಲು ಬಿಟ್ಟು ಜೋಡಿಸಿ.

ಪವರ್ ಚಿಪ್ ಎಂಬ ಹೆಸರಿನಲ್ಲಿ ಈ ಕನೆಕ್ಟರಿಗೆ ಸಿಕ್ಕಿಸುವ ಪುಟ್ಟ ವಸ್ತುವೊಂದು ಮಾರಾಟಕ್ಕಿದೆ. ಒಳಗಿರುವುದು ಒಂದು ರೆಸಿಸ್ಟರ್. ಹವೆ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳಿಸುತ್ತದೆ, ಅಂದರೆ ನಾವು ಇಷ್ಟು ಹೊತ್ತು ಹುಡುಕುತ್ತಿರುವ ದೋಷವನ್ನೇ ದುಡ್ಡು ಕೊಟ್ಟು ಹಾಕಿಸಿಕೊಂಡ ಹಾಗೆ. ಹಳೆಯ ಮಾಲೀಕರು ಸಿಕ್ಕಿಸಿ ಬಿಟ್ಟಿದ್ದಾರೆಯೇ ನೋಡಿ, ಇದ್ದರೆ ಕಿತ್ತುಹಾಕಿ.

## ಲಕ್ಷಣ: ಟರ್ಬೊ ಗಾಡಿ ಮೊದಲ ಸಲ ಚೆನ್ನಾಗಿ ಎಳೆದು, ಆಮೇಲೆ ಸೋಲುತ್ತದೆ

30 ಡಿಗ್ರಿ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 120 ಡಿಗ್ರಿ ಆಸುಪಾಸಿಗೆ ಏರುತ್ತದೆ. ಅದನ್ನು ಮತ್ತೆ ತಣಿಸುವುದು ಇಂಟರ್‌ಕೂಲರ್. ಒಂದರ ಹಿಂದೊಂದು ಓವರ್‌ಟೇಕ್ ಮಾಡಿದಾಗ ಅಂಕಿ ಏರುತ್ತಲೇ ಹೋಗಿ, ಸಮವಾಗಿ ಓಡಿದರೂ ಇಳಿಯದಿದ್ದರೆ ಇಂಟರ್‌ಕೂಲರ್ ತನ್ನ ಕೆಲಸ ಮಾಡುತ್ತಿಲ್ಲ.

ಮುಂಭಾಗದ ರೆಕ್ಕೆಗಳಲ್ಲಿ ಕೆಸರು, ಹುಳ, ಪ್ಲಾಸ್ಟಿಕ್ ಚೂರು ಸಿಕ್ಕಿವೆಯೇ ನೋಡಿ. ಸಾಧ್ಯವಾದಷ್ಟೂ ಹಿಂದಿನಿಂದ ಮುಂದಕ್ಕೆ, ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹೊಡೆದರೆ ರೆಕ್ಕೆ ಮಡಚುತ್ತದೆ. ನೀರಿನಿಂದ ತಣಿಸುವ ಇಂಟರ್‌ಕೂಲರ್ ಆದರೆ ಅದರ ಪಂಪ್ ತಿರುಗುತ್ತಿದೆಯೇ, ಕೂಲೆಂಟ್ ಮಟ್ಟ ಎಷ್ಟಿದೆ ಎಂಬುದು ಮೊದಲ ಪ್ರಶ್ನೆ.

ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆನ್ನುವ ಸದ್ದು, ಡೀಸೆಲ್‌ನಲ್ಲಿ ಕಪ್ಪು ಹೊಗೆ, ಪಿ0299 ಕೋಡ್ ಇವು ಬೂಸ್ಟ್ ಸೋರಿಕೆಯ ಗುರುತು. ಹೋಸ್ ಜೋಡಣೆಗಳಲ್ಲಿ ಎಣ್ಣೆಯ ಕಪ್ಪು ಕಲೆ ಹರಡಿದ ಜಾಗದಲ್ಲೇ ಸೋರಿಕೆ ಇರುತ್ತದೆ. ಕ್ಲ್ಯಾಂಪ್ ಬಿಗಿ ಮಾಡಿ, ಸೀಳಿದ ಹೋಸ್ ಬದಲಾಯಿಸಿ.

ಪೈಪಿನ ಒಳಗೆ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ. ಆದರೆ ಎಣ್ಣೆ ಮಡುಗಟ್ಟಿ ನಿಂತಿದ್ದರೆ, ಅದರಲ್ಲೂ ಡೀಸೆಲ್ ಗಾಡಿಯಾದರೆ, ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನದಂತೆ ಎಳೆದುಕೊಂಡು ತಾನಾಗಿ ರೇಸ್ ಆಗಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ.

## ಲಕ್ಷಣ: ಐಡಲ್‌ನಲ್ಲಿ ನಡುಕ, ಮ್ಯಾನಿಫೋಲ್ಡ್ ತಾಪಮಾನ ಹೆಚ್ಚು

ಏರ್ ಬಾಕ್ಸ್ ಹತ್ತಿರದ ಅಂಕಿ ಸರಿಯಿದ್ದು ಮ್ಯಾನಿಫೋಲ್ಡ್ ಅಂಕಿ ಮಾತ್ರ ಮೇಲಿದ್ದರೆ ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಬಿಸಿ ಎಕ್ಸಾಸ್ಟ್ ಹೊಗೆ ಬೇಡದ ಹೊತ್ತಿನಲ್ಲೂ ಒಳಬರುತ್ತದೆ. ಬಿಚ್ಚಿ ಮಸಿ ತೆಗೆದರೆ ಹೆಚ್ಚಾಗಿ ಸರಿಹೋಗುತ್ತದೆ, ಆದರೆ ಗ್ಯಾಸ್ಕೆಟ್, ಮುರಿಯುವ ಬೋಲ್ಟ್‌ಗಳ ಕೆಲಸ ಅದು. ಅಭ್ಯಾಸವಿಲ್ಲದವರು ಮೆಕ್ಯಾನಿಕ್ಕಿಗೆ ಬಿಡುವುದು ಒಳ್ಳೆಯದು.

ಹಳೆಯ ಕಾರ್ಬುರೇಟರ್ ಗಾಡಿ ಇಟ್ಟುಕೊಂಡವರು ಏರ್ ಕ್ಲೀನರ್ ಮೂತಿಯಲ್ಲಿರುವ ತಗಡಿನ ಫ್ಲ್ಯಾಪ್ ನೋಡಬೇಕು. ಚಳಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುತ್ತಲಿನ ಬಿಸಿಗಾಳಿ, ಎಂಜಿನ್ ಕಾದ ಮೇಲೆ ಹೊರಗಾಳಿ ಎಂದು ಅದು ದಾರಿ ಬದಲಿಸುತ್ತದೆ. ಬಿಸಿ ಕಡೆಗೇ ಅಂಟಿಕೊಂಡರೆ ಬೇಸಿಗೆಯಲ್ಲಿ ನಾಕಿಂಗ್ ತಪ್ಪಿದ್ದಲ್ಲ.

## ಯಾವಾಗ ನಿಲ್ಲಿಸಬೇಕು, ಗ್ಯಾರೇಜಿನಲ್ಲಿ ಏನು ಹೇಳಬೇಕು

ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿದರೆ, ಆಯಿಲ್ ಲೈಟ್ ಹತ್ತಿದರೆ, ಸುಟ್ಟ ವಾಸನೆ ಬಂದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಚೆಕ್ ಎಂಜಿನ್ ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗುತ್ತಿದ್ದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ಹೊತ್ತದಿರುವುದು) ಜೋರಾಗಿದೆ, ಸುಡದ ಪೆಟ್ರೋಲ್ ಎಕ್ಸಾಸ್ಟಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ, ಆಗ ಓಡಿಸಬಾರದು.

ಗ್ಯಾರೇಜಿನಲ್ಲಿ 'ಪಿಕಪ್ ಇಲ್ಲ' ಎಂದಷ್ಟೇ ಹೇಳಿದರೆ ಪ್ಲಗ್, ಫಿಲ್ಟರ್, ಕ್ಲಚ್ ಎಂದು ಶುರುವಾಗುತ್ತದೆ. ಕೋಡ್ ಅಳಿಸುವ ಮೊದಲು ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರ ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲಿನ ಇನ್‌ಟೇಕ್ ಅಂಕಿ, ಸಿಗ್ನಲ್‌ನಲ್ಲಿ ನಿಂತಾಗಿನದು, 80ರ ವೇಗದಲ್ಲಿ ಹತ್ತು ನಿಮಿಷ ಓಡಿದ ಮೇಲಿನದು, ಆ ಹೊತ್ತಿನ ಹೊರಗಿನ ತಾಪಮಾನ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮತ್ತೊಮ್ಮೆ ಓಡಿಸಿ. ಹೊರಗಿನ ಹವೆಗೂ ಇನ್‌ಟೇಕ್ ಅಂಕಿಗೂ ಇರುವ ಅಂತರ ಮೊದಲಿಗಿಂತ ಇಳಿದಿಲ್ಲವೆಂದರೆ ಅವರು ಬದಲಾಯಿಸಿದ ಪಾರ್ಟ್ ಬೇರೆ, ನಿಮ್ಮ ಗಾಡಿಯ ತೊಂದರೆ ಬೇರೆ.